ಎಲ್ಲವೂ ಹಸಿರಾಗಿದೆ

ಮಾರ್ಚ್ 3, ಸೋಮವಾರ

ಡಾಕ್ಟರು ಮಾತ್ರೆ ಬರೆದುಕೊಟ್ಟು, "ಬಿ.ಪಿ. ಏರಿದೆ. ಮನಸ್ಸಲ್ಲಿರೋದನ್ನ ಯಾರ ಹತ್ರಾನಾದ್ರೂ ಹೇಳ್ಕೊಳ್ಳಿ" ಎಂದರು. ಹೇಳಿಕೊಳ್ಳಲು ಯೋಗ್ಯರಾದವರು ಯಾರಿದ್ದಾರೆಂದು ದಾರಿಯುದ್ದಕ್ಕೂ ಯೋಚಿಸಿ, ಕೊನೆಗೆ ಈ ಪುಸ್ತಕ ಕೊಂಡುಕೊಂಡು ಬಂದೆ. ಇದು ನಡುವೆ ಬಾಯಿ ಹಾಕುವುದಿಲ್ಲ. ಇದರಷ್ಟು ಒಳ್ಳೆಯ ಗುಣ ನಮ್ಮ ಕಚೇರಿಯಲ್ಲಿ ಯಾರಿಗೂ ಇಲ್ಲ.

ನಮ್ಮದು ತುರ್ತು ಆಂಬುಲೆನ್ಸ್ ಕೇಂದ್ರ. ಜನ ಫೋನ್ ಮಾಡುತ್ತಾರೆ. ಮೇಲಿನ ಮಹಡಿಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತವರು ಅದನ್ನು ಎತ್ತಿ, ಪರದೆಯ ಮೇಲೆ ವಿಳಾಸ ಹುಡುಕಿ, ಹತ್ತಿರದ ಗಾಡಿಯನ್ನು ಓಡಿಸುತ್ತಾರೆ. ಆಮೇಲೆ ಜೀವ ಉಳಿಸಿದವರಂತೆ ಮುಖ ಮಾಡಿಕೊಂಡು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾರೆ. ಇಷ್ಟೆಲ್ಲ ನಡೆಯುವುದು ನೆಲಮಾಳಿಗೆಯಲ್ಲಿರುವ ಒಂದು ಸರ್ವರ್‌ನಿಂದ. ಅದನ್ನು ನೋಡಿಕೊಳ್ಳುವವನು ನಾನು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ಖಾಲಿ ಇದೆ, ಡಿಸ್ಕ್ ಎಷ್ಟು ತುಂಬಿದೆ, ಒಳಗಿನ ಬಿಸಿ ಎಷ್ಟು, ಎಲ್ಲವೂ ನನಗೆ ಗೊತ್ತು. ಮೇಲಿನವರಿಗೆ ಗೊತ್ತಿರುವುದು ನನ್ನ ಅಡ್ಡಹೆಸರು ಮಾತ್ರ. "ನೆಲಮಾಳಿಗೆ ಇದಾರಾ?" ಎಂದು ಫೋನಿನಲ್ಲಿ ಕೇಳುತ್ತಾರೆ.

ಇಂದು ಹೊಸ ನಿರ್ದೇಶಕರು ಅಧಿಕಾರ ವಹಿಸಿಕೊಂಡರು. ಬಂದವರೇ, "ಸರ್ವರ್ ಹೇಗಿದೆ ಅಂತ ನಂಗೆ ಕೂತಲ್ಲೇ ಕಾಣಬೇಕು. ಗೋಡೆ ಮೇಲೆ ದೊಡ್ಡದಾಗಿ" ಎಂದರು. ಹಿಂದಿನವರು ಕುರ್ಚಿ ಬದಲಾಯಿಸಿದ್ದರು, ಅವರ ಹಿಂದಿನವರು ಪರದೆ ಬಟ್ಟೆ. ಇವರದು ಗೋಡೆ.

ರಾತ್ರಿ ಊಟದ ಹೊತ್ತಿಗೆ ಹೆಂಡತಿ ಏನೋ ಹೇಳಿದಳು, ಕಾರಿನ ವಿಷಯ. ಹೂಂ ಎಂದೆ.

ಮಾರ್ಚ್ 6, ಗುರುವಾರ

ಗೋಡೆಗೆ ಹಾಕುವ ಟಿ.ವಿ.ಯಂಥ ಪರದೆ ಮಾರಿದ ಕಂಪನಿಯಿಂದ ಒಬ್ಬ ಎಂಜಿನಿಯರ್ ಬಂದ. ಟೈ ಕಟ್ಟಿದ್ದಾನೆ. ನೆಲಮಾಳಿಗೆಯ ಧೂಳಿನಲ್ಲೂ ಅದನ್ನು ಸಡಿಲಿಸಲಿಲ್ಲ. ನಾನು ಅವನನ್ನು ಟೈ ಎಂದೇ ಕರೆಯುತ್ತೇನೆ, ಮನಸ್ಸಿನಲ್ಲಿ.

ನಿರ್ದೇಶಕರ ಕೋಣೆಯಲ್ಲೊಂದು, ಕರೆ ಎತ್ತುವ ಹಾಲ್‌ನಲ್ಲೊಂದು, ಎರಡು ಗೋಡೆಗಳಿಗೂ ಬಾಗಿಲಿನಷ್ಟು ದೊಡ್ಡ ಪರದೆ. ಅದರ ಮೇಲೆ ದುಂಡನೆಯ ಮೀಟರುಗಳು, ಒಳಗೆ ಮುಳ್ಳುಗಳು, ಕೆಳಗೆ ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ಬಳಸುತ್ತಿದೆ ಎಂಬ ಪಟ್ಟಿ. ಎಲ್ಲದಕ್ಕೂ ಬೇಕಾದ ಪ್ರೋಗ್ರಾಮನ್ನು ನಮ್ಮ ಸರ್ವರ್‌ನಲ್ಲೇ ಹಾಕಿದೆವು. ಬೇರೆ ಯಂತ್ರ ಕೇಳಿದ್ದೆ. "ಇರೋದು ಸಾಕಾಗಲ್ವಾ?" ಎಂದರು ಸಾಹೇಬರು. ಸಾಕಾಗುತ್ತದೆ ಎಂದು ಟೈ ಹೇಳಿದ. ಅವನು ನಾಳೆ ಊರು ಬಿಡುತ್ತಾನೆ, ಹೇಳುವುದಕ್ಕೇನು.

"ಎಷ್ಟು ಹೊತ್ತಿಗೊಂದ್ಸಲ ಲೆಕ್ಕ ಬದಲಾಗ್ಬೇಕು ಸಾರ್?" ಎಂದು ಕೇಳಿದ. ನಿಮಿಷಕ್ಕೊಮ್ಮೆ ಎಂದೆ. ಮುಳ್ಳು ಸತ್ತುಹೋದ ಹಾಗೆ ಕಾಣುತ್ತದೆ ಎಂದರು ಸಾಹೇಬರು. ಸೆಕೆಂಡಿಗೊಮ್ಮೆ ಎಂದು ತೀರ್ಮಾನವಾಯಿತು. ಬಟನ್ ಒತ್ತಿದವನು ನಾನೇ.

ಇನ್ನೊಂದು ಚೌಕಟ್ಟು ಕಾಣಿಸಿತು. 'ಈ ಪ್ರೋಗ್ರಾಮಿನ ಸ್ವಂತ ಬಳಕೆಯನ್ನು ಪಟ್ಟಿಯಲ್ಲಿ ತೋರಿಸಬೇಡ.' ಟೈ, "ಟಿಕ್ ಹಾಕ್ಬಿಡಿ, ಪಟ್ಟಿ ಕ್ಲೀನಾಗಿ ಕಾಣುತ್ತೆ" ಎಂದ. ಹಾಕಿದೆ.

ಮಾರ್ಚ್ 10, ಸೋಮವಾರ

ಒಪ್ಪಿಕೊಳ್ಳುತ್ತೇನೆ, ನೋಡಲು ಚೆನ್ನಾಗಿದೆ. ಇಷ್ಟು ವರ್ಷ ಕಪ್ಪು ಪರದೆಯ ಮೇಲೆ ಆಜ್ಞೆ ಟೈಪು ಮಾಡಿ, ಇರುವೆ ಸಾಲಿನಂಥ ಅಂಕಿಗಳಲ್ಲಿ ಕಣ್ಣು ಕಳೆದುಕೊಂಡವನು ನಾನು. ಈಗ ನನ್ನ ಮೇಜಿನ ಪರದೆಯಲ್ಲೂ ಅದೇ ಮೀಟರು ಬರುತ್ತದೆ, ನೋಡಿದರೆ ಮುಗಿಯಿತು. ಬೆಳಗ್ಗೆಯಿಂದ ಕಪ್ಪು ಪರದೆಯನ್ನು ತೆರೆದೇ ಇಲ್ಲ.

ಮಧ್ಯಾಹ್ನದ ಮೇಲೆ ಮೆಮೊರಿಯ ಮೀಟರು ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಹೋಯಿತು. ಸಾಹೇಬರ ಫೋನು.

"ಏನ್ರೀ ಅದು ಕೆಂಪು?"

"ಮೆಮೊರಿ ತುಂಬ್ತಾ ಇದೆ ಸಾರ್."

"ತುಂಬೋದು ಒಳ್ಳೇದಲ್ವಾ?"

"ನೀರಿನ ಟ್ಯಾಂಕಾದ್ರೆ ಒಳ್ಳೇದು ಸಾರ್."

"ಕೆಂಪು ಯಾವಾಗ ಆಗ್ಬೇಕು ಅಂತ ತೀರ್ಮಾನ ಮಾಡೋರು ಯಾರು?"

"ನಾವೇ ಸಾರ್."

"ಹಾಗಾದ್ರೆ ನೂರಕ್ಕೆ ತೊಂಬತ್ತೊಂಬತ್ತು ಆಗೋವರೆಗೂ ಹಸಿರೇ ಇರ್ಲಿ. ಮುಂದಿನ ತಿಂಗಳು ಉದ್ಘಾಟನೆ ಇದೆ."

ಬದಲಾಯಿಸಿದೆ. ಒಂದೇ ನಿಮಿಷದಲ್ಲಿ ನಮ್ಮ ಸರ್ವರ್ ಪೂರ್ತಿ ಗುಣವಾಯಿತು. ಡಾಕ್ಟರು ನನ್ನ ಬಿ.ಪಿ.ಗೂ ಹೀಗೇ ಮಾಡಬಹುದಿತ್ತು, ಮಾತ್ರೆಯ ಖರ್ಚು ಉಳಿಯುತ್ತಿತ್ತು.

ಮಾರ್ಚ್ 12, ಬುಧವಾರ

ಮೇಲಿನಿಂದ ದಿನವಿಡೀ ದೂರು. "ವಿಳಾಸ ಹೊಡೆದ್ರೆ ಗಡಿಯಾರ ತಿರುಗ್ತಾ ಕೂರುತ್ತೆ", "ನಕ್ಷೆ ಬರ್ತಾನೇ ಇಲ್ಲ", "ಹೆಸರು ಬರ್ಕೊಳ್ಳೋಕೆ ಚೀಟಿ ತಗೊಂಡಿದೀವಿ." ಬೆಳಗ್ಗೆ ಸರಿಯಾಗಿರುತ್ತದೆ, ಮಧ್ಯಾಹ್ನ ಊಟ ಮುಗಿಸಿ ಬಂದವರಂತೆ ತೂಕಡಿಸುತ್ತದೆ, ಮರುದಿನ ಬೆಳಗ್ಗೆ ಮತ್ತೆ ಲವಲವಿಕೆ.

ಮೀಟರುಗಳ ಕೆಳಗಿನ ಪಟ್ಟಿ ನೋಡಿದೆ. ಮೇಲ್ಗಡೆ ಇದ್ದದ್ದು ಕರೆ ಎತ್ತುವ ಪ್ರೋಗ್ರಾಮು. ಅದರಲ್ಲಿ ಪ್ರತಿ ಕರೆಗೂ ಪರದೆಯ ಮೇಲೆ ಒಂದು ಕಿಟಕಿ ತೆರೆಯುತ್ತದೆ; ಯಾರು ಎಷ್ಟು ಕಿಟಕಿ ತೆರೆದಿಟ್ಟಿದ್ದಾರೆಂದು ನೋಡಿದೆ. ಉಳಿದವರದೆಲ್ಲ ಒಂದೋ ಎರಡೋ. ಒಬ್ಬಾಕೆಯದು ಸಾಲುಸಾಲು. ಹಾಲ್‌ನಲ್ಲಿ ಎಲ್ಲರೂ ಅತ್ತಿಗೆ ಎಂದು ಕರೆಯುವ ಹಿರಿಯ ಹೆಂಗಸು. ನಿಯಮದ ಪ್ರಕಾರ ಗಾಡಿ ಹೊರಟ ಕೂಡಲೇ ಕಿಟಕಿ ಮುಚ್ಚಬೇಕು. ಆಕೆ ಮುಚ್ಚುವುದೇ ಇಲ್ಲ.

ಸಿಕ್ಕಿತಲ್ಲ ರೋಗ. ವರದಿ ಬರೆದೆ. ಒಳ್ಳೆಯ ವರದಿ, ಚಿತ್ರ ಸಮೇತ.

ಹೆಂಡತಿ ಮಲಗುವ ಮುಂಚೆ, "ನಾಳೆ ಪರೀಕ್ಷೆ ಇದೆ ಕಣ್ರೀ" ಎಂದಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳಿಗೆ ಎಂಥ ಪರೀಕ್ಷೆಯೋ. ಜನರ ಕಣ್ಣಿನದಿರಬೇಕು. ಒಳ್ಳೇದಾಗಲಿ ಎಂದೆ.

ಮಾರ್ಚ್ 17, ಸೋಮವಾರ

ಸರ್ಕಾರಿ ಕಾಗದ ಇಷ್ಟು ವೇಗವಾಗಿ ಓಡಿದ್ದನ್ನು ನಾನು ಕಂಡಿರಲಿಲ್ಲ. ಆಂಬುಲೆನ್ಸ್ ಆ ವೇಗದಲ್ಲಿ ಓಡಿದರೆ ನಮಗೆ ಸರ್ವರೇ ಬೇಡ. ಅತ್ತಿಗೆ ಎಂಬಾಕೆಗೆ ನೋಟೀಸು ಹೋಗಿದೆ. 'ಯಂತ್ರದ ಸಂಪನ್ಮೂಲ ದುರ್ಬಳಕೆ'. ವಿಚಾರಣೆ ಮುಗಿಯುವ ತನಕ ಕರೆ ಎತ್ತುವಂತಿಲ್ಲ, ಹಳೇ ಕಡತಗಳ ಕೋಣೆಯಲ್ಲಿ ಕೆಲಸ. ತಪ್ಪು ರುಜುವಾತಾದರೆ ಮನೆಗೆ.

ಹಳೇ ಕಡತಗಳ ಕೋಣೆ ಇರುವುದು ನೆಲಮಾಳಿಗೆಯಲ್ಲಿ. ನನ್ನ ಪಕ್ಕದಲ್ಲಿ. ಇದು ನನಗೆ ಹೊಳೆದಿರಲಿಲ್ಲ.

ಹತ್ತು ಗಂಟೆಗೆ ಆಕೆ ಬಂದರು. ಕೈಯಲ್ಲಿ ಊಟದ ಡಬ್ಬಿ, ಬಗಲಲ್ಲಿ ಕುರ್ಚಿಯ ದಿಂಬು. ನನ್ನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು.

"ಓ, ಇದೇನಾ ನೆಲಮಾಳಿಗೆ?"

ಹೌದೆಂದೆ.

"ತಂಪಾಗಿದೆ. ನಮ್ಮ ಹಾಲ್‌ನಲ್ಲಿ ಫ್ಯಾನು ಬರೀ ಸದ್ದು ಮಾಡುತ್ತೆ" ಎಂದು ಹೇಳಿ ಪಕ್ಕದ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಸೀನುವುದು ಕೇಳಿಸಿತು. ಅಲ್ಲಿ ಧೂಳಿದೆ.

ಬೈಯುತ್ತಾರೆಂದು ಸಿದ್ಧನಾಗಿದ್ದೆ. ಬೈಯಲಿಲ್ಲ. ಇದು ಯಾವ ರೀತಿಯ ನಡವಳಿಕೆ?

ಮಾರ್ಚ್ 18, ಮಂಗಳವಾರ

ಸೀನು.

ಮಾರ್ಚ್ 19, ಬುಧವಾರ

ನನ್ನ ಕೋಣೆಯಲ್ಲಿ ಧೂಳಿಲ್ಲ, ಯಂತ್ರಕ್ಕಾಗಿ ಗಾಳಿ ಸೋಸುತ್ತೇವೆ. ಆಕೆಯ ಸೀನಿನಿಂದ ನನ್ನ ಗಮನ ಕೆಡುತ್ತದೆ. ಆದ್ದರಿಂದ, ಆ ಒಂದೇ ಕಾರಣಕ್ಕೆ, ಕಡತಗಳನ್ನು ತಂದು ಇಲ್ಲೇ ನೋಡಿ ಎಂದೆ. ಒಂದು ಸ್ಟೂಲು ಕೊಟ್ಟೆ.

ಆಕೆ ಫ್ಲಾಸ್ಕಿನಿಂದ ಚಹಾ ಸುರಿದು ನನ್ನ ಮುಂದೆ ಒಂದು ಲೋಟ ಇಟ್ಟರು. ನಾನು ಗಂಟಲು ಸರಿಮಾಡಿಕೊಂಡು, "ಆ ವರದಿ..." ಎಂದು ಶುರು ಮಾಡಿದೆ.

"ನೀವೇ ಬರೆದದ್ದು ಅಂತ ನಂಗೊತ್ತು. ನೋಟೀಸಿಗೆ ಅಂಟಿಸಿದಾರೆ. ಚಿತ್ರ ಚೆನ್ನಾಗಿದೆ. ಚಹಾ ಆರುತ್ತೆ, ಕುಡೀರಿ."

"ಕಿಟಕಿ ಯಾಕೆ ಮುಚ್ತಿರಲಿಲ್ಲ ನೀವು?"

"ಗಾಡಿ ಹೊರಟ್ರೆ ಆಯ್ತಾ? ತಲುಪಬೇಡ್ವಾ?" ಎಂದರು. "ಆ ಕಡೆ ಒಬ್ರೇ ಇರ್ತಾರೆ. ಎದುರಿಗೆ ಯಾರೋ ಬಿದ್ದಿರ್ತಾರೆ. ಫೋನು ಇಟ್ಬಿಟ್ರೆ ಅವರೇನು ಮಾಡ್ಬೇಕು? ನಾನು ಬಾಗಿಲು ಬಡಿಯೋ ಸದ್ದು ಕೇಳೋವರೆಗೂ ಇಡಲ್ಲ. ಆ ನಡುವೆ ಇನ್ನೊಂದು ಬಂದ್ರೆ ಅದನ್ನೂ ತಗೋತೀನಿ. ಹೀಗೆ ಕಿಟಕಿ ಜಾಸ್ತಿ ಆಗುತ್ತೆ."

ಇದಕ್ಕೆ ಉತ್ತರ ಇತ್ತು, ನಿಯಮ ಸಂಖ್ಯೆ ಸಮೇತ. ಹೇಳುವ ಬದಲು ಚಹಾ ಕುಡಿದೆ. ಚಹಾದಲ್ಲಿ ಸಕ್ಕರೆ ಹೆಚ್ಚಿತ್ತು.

ಮಾರ್ಚ್ 21, ಶುಕ್ರವಾರ

ಇಂದು ಮೂರು ಗಂಟೆಯ ಸುಮಾರಿಗೆ ಮೇಲಿನವರ ಮೇಜಿನ ಪರದೆಗಳೆಲ್ಲ ನಿಂತೇಬಿಟ್ಟವು. ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ಅದೇ ಹೊತ್ತಿಗೆ ಕರೆ. ಗಂಡನಿಗೆ ಎದೆನೋವು ಎಂದು ಹೆಂಡತಿಯ ಫೋನು. ವಿಳಾಸ ಹಾಕಿದರೆ ನಕ್ಷೆಯಿಲ್ಲ, ಗಾಡಿ ಎಲ್ಲಿದೆಯೋ ಕಾಣದು. ಚೀಟಿಯಲ್ಲಿ ಬರೆದು, ಚಾಲಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಕೊನೆಗೆ ಒಬ್ಬ ಸಿಕ್ಕಿ, ಹೋಗಿ ತಲುಪುವಷ್ಟರಲ್ಲಿ ಬಹಳ ಹೊತ್ತಾಗಿತ್ತಂತೆ. ಆ ಹುಡುಗಿ ಬಂದು ಅತ್ತಿಗೆಯ ಭುಜಕ್ಕೆ ಮುಖ ಒತ್ತಿ ಅತ್ತಳು. ನನ್ನ ಕೋಣೆಯಲ್ಲಿ, ನನ್ನ ಎದುರಿಗೇ. ನಾನು ಕೀಲಿಮಣೆಯ ಧೂಳು ಒರೆಸಿದೆ. ಅದರಲ್ಲಿ ಧೂಳಿರಲಿಲ್ಲ.

ಗೋಡೆಯ ಮೇಲೆ ಎಲ್ಲವೂ ಹಸಿರು.

ಆ ಹುಡುಗಿ ಹೋದ ಮೇಲೆ ಅತ್ತಿಗೆ ಲೋಟ ತೊಳೆಯುತ್ತ ಹೇಳಿದರು, "ನಾನು ಐದು ದಿನದಿಂದ ಇಲ್ಲೇ ಇದೀನಿ. ನನ್ನ ಕಿಟಕಿ ಒಂದೂ ತೆರೆದಿಲ್ಲ. ಮತ್ತೆ ಇವತ್ತು ಯಾರು ತಿಂದ್ರು ನಿಮ್ಮ ಮೆಮೊರಿನಾ?"

ವ್ಯಂಗ್ಯ ನನ್ನ ಇಲಾಖೆ. ಬೇರೆಯವರು ಅದರಲ್ಲಿ ಕೈ ಹಾಕುವುದು ನನಗೆ ಹಿಡಿಸುವುದಿಲ್ಲ.

ಮಾರ್ಚ್ 24, ಸೋಮವಾರ

ಶನಿವಾರ, ಭಾನುವಾರ ಎರಡೂ ದಿನ ಮನೆಯಲ್ಲಿ ಅದೇ ಮಾತು ತಲೆಯಲ್ಲಿ. ಬೆಳಗ್ಗೆ ಬೇಗ ಹೋದೆ. ಮೀಟರುಗಳ ಕಡೆ ನೋಡದೆ, ಬಹಳ ದಿನದ ಮೇಲೆ ಕಪ್ಪು ಪರದೆ ತೆರೆದೆ. ಯಾವ ಪ್ರೋಗ್ರಾಮು ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಹಳೇ ಆಜ್ಞೆ ಟೈಪು ಮಾಡಿದೆ. ಆ ಬಡಪಾಯಿಗೆ ಯಾರನ್ನೂ ಮುಚ್ಚಿಡಲು ಬರುವುದಿಲ್ಲ.

ಗಂಟೆಗೊಮ್ಮೆ ನೋಡಿದೆ. ಬೆಳಗ್ಗೆ ಪಟ್ಟಿಯ ನಡುವೆ ಒಂದು ಹೆಸರು. ಹತ್ತು ಗಂಟೆಗೆ ಮೂರನೆಯದು. ಮಧ್ಯಾಹ್ನ ಅದೇ ಮೊದಲನೆಯದು. ಮೂರಕ್ಕೆ ಅದು ಒಟ್ಟು ಮೆಮೊರಿಯ ಅರ್ಧಕ್ಕಿಂತ ಹೆಚ್ಚನ್ನು ನುಂಗಿ ಕೂತಿತ್ತು. ಉಳಿದ ಪ್ರೋಗ್ರಾಮುಗಳೆಲ್ಲ ಜಾಗ ಸಾಲದೆ ನಿಧಾನದ ಡಿಸ್ಕಿನ ಮೇಲೆ ತೆವಳುತ್ತಿದ್ದವು.

ಅದು ಗೋಡೆಯ ಪರದೆಯ ಪ್ರೋಗ್ರಾಮು.

ಸೆಕೆಂಡಿಗೊಮ್ಮೆ ಸರ್ವರ್‌ನ ಆರೋಗ್ಯ ಅಳೆಯುವುದು, ಅಳೆದದ್ದನ್ನೆಲ್ಲ ಚೆಂದದ ಗೆರೆ ಎಳೆಯಲೆಂದು ಮೆಮೊರಿಯಲ್ಲೇ ಗುಡ್ಡೆ ಹಾಕುವುದು, ನಡುರಾತ್ರಿ ಒಮ್ಮೆ ಖಾಲಿ ಮಾಡುವುದು. ರೋಗಿಯ ಎದೆಯ ಮೇಲೆ ಕೂತು ಉಸಿರಾಟ ಹೇಗಿದೆ ಎಂದು ವಿಚಾರಿಸಿದ ಹಾಗೆ. ತನ್ನ ಹೆಸರನ್ನು ಪಟ್ಟಿಯಿಂದ ಬಿಡಲು ಅದಕ್ಕೆ ಹೇಳಿಕೊಟ್ಟವನು ಟೈ, ಟಿಕ್ ಹಾಕಿದವನು ನಾನು. ಅತ್ತಿಗೆಯ ಕಿಟಕಿಗಳನ್ನೆಲ್ಲ ಕೂಡಿಸಿದರೂ ಅದರ ಮುಂದೆ ಉಗುರಿನಷ್ಟು.

ಅವರು ಎದುರಿಗೇ ಕೂತು ಕಡತದ ಟ್ಯಾಗು ಕಟ್ಟುತ್ತಿದ್ದರು. ಹೇಳಿದೆ. ಹೇಳುವುದಕ್ಕೆ ತುಂಬ ಹೊತ್ತು ಹಿಡಿಯಿತು.

ಎಲ್ಲ ಕೇಳಿ ಅವರು, "ಹಾಗಾದ್ರೆ ಆರಿಸಿ" ಎಂದರು. ಅಷ್ಟೇ.

ಸಾಹೇಬರನ್ನು ಕೇಳಬೇಕು ಎಂದೆ. ಅವರು ಟ್ಯಾಗು ಕಟ್ಟುವುದನ್ನು ಮುಂದುವರಿಸಿದರು.

ಮಾರ್ಚ್ 25, ಮಂಗಳವಾರ

ಸಾಹೇಬರಿಗೆ ವಿವರಿಸಿದೆ. ಅವರು ನನ್ನನ್ನು ನೋಡದೆ ಮುಳ್ಳುಗಳನ್ನೇ ನೋಡುತ್ತಿದ್ದರು. ಪಾಪ, ಕುಣಿಯುತ್ತಿದ್ದವು.

"ಅಂದ್ರೆ ಪರದೆಯಿಂದಾನೇ ತೊಂದರೆ ಅಂತೀರಾ?"

"ಹೌದು ಸಾರ್."

"ಪರದೆ ನೋಡಿದ್ರೆ ತೊಂದರೆ ಇದೆ ಅಂತ ಕಾಣ್ತಾ ಇಲ್ವಲ್ಲ?"

"ನಾವೇ ಹಸಿರು ಮಾಡಿದ್ದು ಸಾರ್" ಎಂದೆ.

"ನೋಡ್ರೀ, ಗುರುವಾರ ಬಿಟ್ಟು ಗುರುವಾರ ಉದ್ಘಾಟನೆ. ಮುಖ್ಯ ಅತಿಥಿ ಅದನ್ನ ನೋಡೋಕೇ ಬರ್ತಿರೋದು. ಅದು ಮುಗೀಲಿ."

"ಮತ್ತೆ ಆಕೆಯ ನೋಟೀಸು? ನನ್ನ ವರದಿ ತಪ್ಪು ಸಾರ್."

"ವರದಿಗೆ ನೀವು ಸಹಿ ಹಾಕಿದೀರಿ. ಈಗ ತಪ್ಪು ಅಂದ್ರೆ ನಿಮ್ಮ ತಪ್ಪಾಗುತ್ತೆ. ಯೋಚನೆ ಮಾಡಿ."

ಎಷ್ಟು ಕಾಳಜಿ ನನ್ನ ಬಗ್ಗೆ. ತಪ್ಪೆಂದು ಬರೆದು, ಸಹಿ ಹಾಕಿ, ಅವರ ಮೇಜಿನ ಮೇಲಿಟ್ಟು ಬಂದೆ. ಅದರ ಮೇಲೆ ಅವರು ಕನ್ನಡಕದ ಡಬ್ಬಿ ಇಟ್ಟರು.

ಮಾರ್ಚ್ 27, ಗುರುವಾರ

ನಿನ್ನೆ ಯಾರಿಗೂ ಹೇಳದೆ ಸೆಕೆಂಡಿಗೊಮ್ಮೆ ಇದ್ದದ್ದನ್ನು ಐದು ನಿಮಿಷಕ್ಕೊಮ್ಮೆ ಮಾಡಿದೆ. ಮಧ್ಯಾಹ್ನ ಒಂದೂ ದೂರಿಲ್ಲ. ಎಷ್ಟೋ ದಿನಗಳ ಮೇಲೆ ಮೇಲಿನವರು ಬರೀ ಆಂಬುಲೆನ್ಸ್ ಕಳಿಸುವ ಕೆಲಸ ಮಾಡಿದರು.

ಇಂದು ಸಾಹೇಬರು ಮುಳ್ಳು ಕುಣಿಯುತ್ತಿಲ್ಲವೆಂದು ಕಂಡುಹಿಡಿದರು. ಟೈ ದೂರದಿಂದಲೇ ಮೊದಲಿನಂತೆ ಮಾಡಿ, ಆ ಪ್ರೋಗ್ರಾಮಿಗೆ ಇದ್ದ ನನ್ನ ಪಾಸ್‌ವರ್ಡ್ ಕಿತ್ತುಕೊಂಡ. ಜತೆಗೆ ಲಿಖಿತ ಆದೇಶ: 'ಪ್ರದರ್ಶನ ವ್ಯವಸ್ಥೆಯನ್ನು ಯಾವುದೇ ರೀತಿಯಲ್ಲಿ ಮುಟ್ಟತಕ್ಕದ್ದಲ್ಲ.' ಸರ್ವರ್ ಇನ್ನೂ ನನ್ನದೇ. ಮೂಲದಿಂದಲೇ ಆ ಪ್ರೋಗ್ರಾಮನ್ನು ನಿಲ್ಲಿಸಲು ನನಗೆ ಒಂದು ಸಾಲಿನ ಆಜ್ಞೆ ಸಾಕು. ಅದು ಸಾಹೇಬರಿಗೆ ಗೊತ್ತಿಲ್ಲ. ನನಗೆ ಗೊತ್ತಿದೆ, ಅದೇ ತೊಂದರೆ.

ಆದೇಶವನ್ನು ಕೀಲಿಮಣೆಯ ಪಕ್ಕದಲ್ಲಿಟ್ಟೆ. ಅತ್ತಿಗೆ ಓದಿದರು. "ಸಹಿ ಚೆನ್ನಾಗಿ ಹಾಕ್ತಾರೆ" ಎಂದರು.

ಮಾರ್ಚ್ 31, ಸೋಮವಾರ

ನಿಲ್ಲಿಸಲಿಲ್ಲ. ಶುಕ್ರವಾರವೂ, ಇಂದೂ. ಪಿಂಚಣಿಗೆ ಇನ್ನೂ ವರ್ಷಗಳಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರು ಗಂಟೆಯಾದೊಡನೆ ಮೇಲೆ ಜನ ಕುರ್ಚಿ ಎಳೆದುಕೊಂಡು ಚೀಟಿ ಹುಡುಕುವ ಸದ್ದು ಕೇಳಿಸುತ್ತದೆ. ಮೊದಲು ಆ ಸದ್ದು ಇರಲಿಲ್ಲವೋ, ನನಗೆ ಕೇಳಿಸುತ್ತಿರಲಿಲ್ಲವೋ.

ಸಂಜೆ ಮನೆಯ ಮುಂದೆ ಸಣ್ಣ ನೀಲಿ ಕಾರು. ಯಾರದು ಎಂದು ಹೆಂಡತಿಯನ್ನು ಕೇಳಿದೆ.

"ನಂದು. ಸೆಕೆಂಡ್ ಹ್ಯಾಂಡು. ಮೂರನೇ ತಾರೀಕಿಂದ ಹೇಳ್ತಾನೇ ಇದೀನಿ."

"ಓಡಿಸೋರು ಯಾರು?"

ಅವಳು ಪರ್ಸಿನಿಂದ ಲೈಸೆನ್ಸ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. "ಮೂರು ತಿಂಗಳು ಕಲ್ತೆ. ಪರೀಕ್ಷೆ ಇದೆ ಅಂದೆ, ಒಳ್ಳೇದಾಗಲಿ ಅಂದ್ರಿ. ಪಾಸಾದೆ ಅಂದೆ, ಹೂಂ ಅಂದ್ರಿ. ನಿಮ್ಮ ಹೂಂ ಎಷ್ಟು ಅಂದ್ರೆ, ಮನೆ ಮಾರ್ಬಿಟ್ಟೆ ಅಂದಿದ್ರೂ ಒಂದು ಬೀಳ್ತಿತ್ತು."

ಫೋಟೋದಲ್ಲಿ ಬಹಳ ಗಂಭೀರವಾಗಿದ್ದಾಳೆ. ಹಾಗೆಂದೆ. ಫೋಟೋ ತೆಗೆಯುವವನು ನಗಬೇಡಿ ಎಂದನಂತೆ, ಅದರಿಂದ ಇನ್ನೂ ನಗು ಬಂದು ಮೂರು ಸಲ ತೆಗೆಯಬೇಕಾಯಿತಂತೆ. ಮೊದಲ ವಾರ ಕ್ಲಚ್ಚು ಬಿಡುವಾಗ ಕಾಲು ನಡುಗುತ್ತಿತ್ತಂತೆ. ಕಲಿಸುವಾತ ಹೆದರಿ ತನ್ನ ಬಾಗಿಲ ಹಿಡಿ ಹಿಡಿದುಕೊಂಡೇ ಕೂರುತ್ತಿದ್ದನಂತೆ. ಇಷ್ಟನ್ನೂ ನಾನು ಇಲ್ಲಿ ಏಕೆ ಬರೆಯುತ್ತಿದ್ದೇನೋ. ಬೇರೆ ವಿಷಯ ಇರಲಿಲ್ಲ.

ಏಪ್ರಿಲ್ 3, ಗುರುವಾರ

ಉದ್ಘಾಟನೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಬೆಳಗ್ಗೆ ಹೆಂಡತಿ ಕಾರಿನಲ್ಲಿ ಬಿಟ್ಟಳು. ಎಲ್ಲೂ ಗುದ್ದಲಿಲ್ಲ. ಒಂದು ಕಡೆ ಬಸ್ಸಿನವನಿಗೆ ಬೈದಳು, ಸರಿಯಾಗಿಯೇ ಬೈದಳು.

ನೆಲಮಾಳಿಗೆಯವರಿಗೆ ಸಮಾರಂಭಕ್ಕೆ ಕರೆಯಿಲ್ಲ. ಅತ್ತಿಗೆಗಂತೂ ಹಾಲ್‌ಗೆ ಪ್ರವೇಶವೇ ಇಲ್ಲ. ನಾವಿಬ್ಬರೂ ಕೆಳಗೇ ಕೂತಿದ್ದೆವು. ಮುಖ್ಯ ಅತಿಥಿ ಬೆಳಗ್ಗೆ ಬರಬೇಕಾಗಿತ್ತು, ದೊಡ್ಡವರಾದ್ದರಿಂದ ಮಧ್ಯಾಹ್ನ ಬಂದರು. ಅಂದರೆ ಮೆಮೊರಿ ತುಂಬುವ ಸಮಯಕ್ಕೆ ಸರಿಯಾಗಿ. ಮೇಲಿನಿಂದ ಚಪ್ಪಾಳೆ ಕೇಳಿಸಿತು.

ಚಪ್ಪಾಳೆ ಮುಗಿಯುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. ಮೊನ್ನೆ ಅತ್ತ ಹುಡುಗಿ. "ಸಾರ್, ಸೇತುವೆ ಹತ್ರ ಬಸ್ಸು ಮಗುಚಿದೆಯಂತೆ. ಎಲ್ಲಾ ಲೈನೂ ಒಟ್ಟಿಗೆ ಬರ್ತಿದೆ. ನಮ್ಮ ಪರದೆ ನಿಂತೋಗಿದೆ ಸಾರ್, ಏನೂ ಅಲ್ಲಾಡ್ತಿಲ್ಲ."

ಫೋನಿನ ಸದ್ದು ಅತ್ತಿಗೆಗೂ ಕೇಳಿಸಿತು. ಅವರು ಎದ್ದರು. "ನೀವು ಮೇಲೆ ಹೋಗೋ ಹಾಗಿಲ್ಲ" ಎಂದೆ. ನನ್ನ ಬಾಯಿಂದ ಬಂದದ್ದು ಅದು! ಅವರು ಬಾಗಿಲಲ್ಲಿ ತಿರುಗಿ ನೋಡಿ, "ನಿಮ್ಮ ಕೆಲಸ ನೀವು ಮಾಡಿ, ನನ್ನದು ನಾನು ಮಾಡ್ತೀನಿ" ಎಂದು ಹೇಳಿ ಮೆಟ್ಟಿಲು ಹತ್ತಿದರು. ಮಂಡಿನೋವಿನವರು, ಗೋಡೆ ಹಿಡಿದುಕೊಂಡು ಎರಡೆರಡು ಮೆಟ್ಟಿಲು.

ನಾನು ಕೂತೆ. ಪಕ್ಕದಲ್ಲಿ ಆದೇಶ, ಚೆಂದದ ಸಹಿ. ಆ ಒಂದು ಸಾಲಿನ ಆಜ್ಞೆ ಟೈಪು ಮಾಡಿದೆ. ಆಮೇಲೆ ಒಂದಷ್ಟು ಹೊತ್ತು ಏನೂ ಮಾಡಲಿಲ್ಲ. ಎಷ್ಟು ಹೊತ್ತು ಎಂದು ಬರೆಯುವ ಧೈರ್ಯವಿಲ್ಲ. ನನ್ನ ಪಿಂಚಣಿ, ನನ್ನ ಕುರ್ಚಿ, ನನ್ನ ತಂಪು ಕೋಣೆ ಎಲ್ಲವೂ ಕಣ್ಣ ಮುಂದೆ ಬಂದವು. ಮೇಲೆ ಯಾರೋ ಗಟ್ಟಿಯಾಗಿ ಕೂಗುತ್ತಿದ್ದರು, "ಎಷ್ಟು ಜನ? ಅಮ್ಮಾ, ಎಷ್ಟು ಜನ ಅಂತ ಹೇಳಿ."

ಒತ್ತಿದೆ.

ಮೆಮೊರಿ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಕೂತು ನೋಡಬಹುದಿತ್ತು, ಅಂಥ ಇಳಿತ ಯಾವಾಗಲೂ ಸಿಗುವುದಿಲ್ಲ. ಯಾಕೋ ಎದ್ದು ಮೆಟ್ಟಿಲು ಹತ್ತಿದೆ.

ಹಾಲ್‌ಗೆ ನಾನು ಬಲ್ಬು ಸುಟ್ಟಾಗ, ವೈರು ಹಾಕುವಾಗ ಹೋಗಿದ್ದೆ, ಕೆಲಸ ನಡೆಯುವಾಗ ಹೋಗಿರಲಿಲ್ಲ. ಗೋಡೆಯ ಪರದೆ ಕಪ್ಪಾಗಿತ್ತು. ಅದರ ಮುಂದೆ ಸಾಹೇಬರು ಕೋಲು ಹಿಡಿದು, ಇಲ್ಲದ ಮುಳ್ಳನ್ನು ತೋರಿಸುವ ಭಂಗಿಯಲ್ಲೇ ನಿಂತಿದ್ದರು. ಮುಖ್ಯ ಅತಿಥಿ ನೋಡುತ್ತಿದ್ದರು. ಅವರ ಹಿಂದೆ, ಮೇಜುಗಳ ಸಾಲಿನಲ್ಲಿ ನಕ್ಷೆಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. "ಬಂತು! ಬಂತು!" ಎಂದು ಯಾರೋ ಕೂಗಿದರು. ಅತ್ತಿಗೆ ನಿಂತುಕೊಂಡೇ ಹೆಡ್‌ಫೋನು ಹಾಕಿಕೊಂಡು, ಒಂದು ಕೈಯಲ್ಲಿ ಗಾಡಿಗಳನ್ನು ಹಂಚುತ್ತ, ಇನ್ನೊಂದು ಕೈಯಿಂದ ಆ ಹುಡುಗಿಯ ಬೆನ್ನು ತಟ್ಟುತ್ತಿದ್ದರು. "ಕಿಟಕಿ ಗಾಜು ಮುಟ್ಟಬೇಡಪ್ಪಾ. ಅಲ್ಲೇ ಕೂತ್ಕೋ. ಗಾಡಿ ಕಾಣ್ತಿದೆ ನನಗೆ, ತಿರುವಿನಲ್ಲಿದೆ. ನಾನು ಎಲ್ಲೂ ಹೋಗಲ್ಲ, ಮಾತಾಡ್ತಾ ಇರು."

ಸಾಹೇಬರು ನನ್ನನ್ನು ಕಂಡು, ಹಲ್ಲು ಕಚ್ಚಿ ಮೆಲ್ಲಗೆ, "ಯಾಕ್ರೀ ಆರಿಹೋಯ್ತು?" ಎಂದರು.

"ಆರಿಹೋಗಿಲ್ಲ ಸಾರ್. ನಾನೇ ಆರಿಸಿದೆ" ಎಂದೆ. ಮೆಲ್ಲಗೆ ಹೇಳಬೇಕೆಂದಿದ್ದೆ, ಗಟ್ಟಿಯಾಗಿ ಬಂತು. ಬಂದ ಮೇಲೆ ನಿಲ್ಲಲಿಲ್ಲ. ಪರದೆ ಉಂಡದ್ದು ಎಷ್ಟು, ಅದನ್ನು ಮುಚ್ಚಿಟ್ಟವನು ಯಾರು, ತಪ್ಪನ್ನು ಯಾರ ಮೇಲೆ ಹಾಕಿದ್ದು, ಎಲ್ಲ ಹೇಳಿದೆ. "ಈಕೆಯ ಮೇಲೆ ನಾನು ಕೊಟ್ಟ ವರದಿ ಸುಳ್ಳು" ಎಂದೂ ಹೇಳಿದೆ. ಅತ್ತಿಗೆ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಬಸ್ಸಿನ ಹತ್ತಿರ ಇದ್ದರು.

ಮುಖ್ಯ ಅತಿಥಿ ತಲೆದೂಗಿ, "ಬೇಕಾದಾಗ ಆರಿಸೋ ವ್ಯವಸ್ಥೆ ಕೂಡ ಇದೆ ಅಂತಾಯ್ತು. ವಿದ್ಯುತ್ ಉಳಿತಾಯ. ಬಹಳ ಒಳ್ಳೇದು" ಎಂದು ಸಾಹೇಬರ ಕೈಕುಲುಕಿದರು.

ಬಸ್ಸಿನಲ್ಲಿದ್ದವರನ್ನೆಲ್ಲ ಕತ್ತಲಾಗುವ ಮೊದಲೇ ಆಸ್ಪತ್ರೆಗಳಿಗೆ ಸಾಗಿಸಿದರು.

ಏಪ್ರಿಲ್ 4, ಶುಕ್ರವಾರ

ಪತ್ರಿಕಾ ಹೇಳಿಕೆ: 'ನಿರ್ದೇಶಕರ ಸಮಯೋಚಿತ ತೀರ್ಮಾನದಿಂದ ಬಸ್ ಅಪಘಾತದ ಗಾಯಾಳುಗಳಿಗೆ ಶೀಘ್ರ ನೆರವು.' ಫೋಟೋದಲ್ಲಿ ಕೋಲು ಇದೆ.

ಏಪ್ರಿಲ್ 9, ಬುಧವಾರ

ಎರಡು ಆದೇಶ.

ಒಂದು, ಅತ್ತಿಗೆಯ ನೋಟೀಸನ್ನು 'ಮಾನವೀಯ ನೆಲೆಯಲ್ಲಿ' ಹಿಂತೆಗೆದುಕೊಳ್ಳಲಾಗಿದೆ. ಅವರದು ತಪ್ಪಿರಲಿಲ್ಲ ಎಂದು ಎಲ್ಲೂ ಇಲ್ಲ. ಕನಿಕರಿಸಿ ಕ್ಷಮಿಸಿದ ಹಾಗಿದೆ. ನಾನು ಸಿಟ್ಟಿನಲ್ಲಿ, ಇದನ್ನು ತಿದ್ದಿಸಲು ಬರೆಯುತ್ತೇನೆ ಎಂದೆ.

"ಬರೀರಿ. ಆದ್ರೆ ನಂಗೆ ಸೋಮವಾರದಿಂದ ಡ್ಯೂಟಿ ಇದೆ, ಅದಕ್ಕಾಗಿ ಕಾಯಲ್ಲ" ಎಂದರು. ಆಮೇಲೆ, "ನಿಮ್ಮ ಮೇಲೆ ನಂಗೆ ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡಿ. ಹೋಗೋಕೆ ಸ್ವಲ್ಪ ಟೈಮ್ ಬೇಕು" ಎಂದರು. ಸರಿ ಎಂದೆ. ನ್ಯಾಯವಾದ ಮಾತು.

ಎರಡು, ಆದೇಶ ಮೀರಿದ್ದಕ್ಕೆ ನನಗೆ ಆರು ತಿಂಗಳು ಕರೆ ಎತ್ತುವ ಕೆಲಸ. 'ಸಾರ್ವಜನಿಕ ಸಂಪರ್ಕದ ಅರಿವು ಮೂಡಿಸುವ ಸಲುವಾಗಿ.' ಸರ್ವರ್ ನೋಡಿಕೊಳ್ಳಲು ಬೇರೆಯವರು ಬರುತ್ತಾರೆ. ಗೋಡೆಯ ಪರದೆಗೆ ಬೇರೆ ಯಂತ್ರ ಮಂಜೂರಾಗಿದೆ. ಹೋದ ತಿಂಗಳು ನಾನು ಕೇಳಿದ್ದೇ.

ಹೆಂಡತಿಗೆ ಹೇಳಿದೆ. "ನೀವು? ಫೋನಲ್ಲಿ? ಜನರ ಜತೆ?" ಎಂದು ನಕ್ಕಳು. ನಗು ನಿಲ್ಲದೆ ಸೋಫಾದ ಮೇಲೆ ಕೂತಳು. ಅವಳು ಹಾಗೆ ನಕ್ಕಾಗ ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತದೆ.

ಏಪ್ರಿಲ್ 14, ಸೋಮವಾರ

ಮೊದಲ ದಿನ. ನನ್ನ ಕುರ್ಚಿ ಅತ್ತಿಗೆಯ ಪಕ್ಕ. ಫ್ಯಾನು ನಿಜವಾಗಿಯೂ ಬರೀ ಸದ್ದು ಮಾಡುತ್ತದೆ.

ಮೊದಲ ಕರೆ ಒಬ್ಬ ಮುದುಕರದು. ಹೆಂಡತಿ ಬಚ್ಚಲಲ್ಲಿ ಬಿದ್ದಿದ್ದಾರೆ. ನಾನು ಕ್ರಮವಾಗಿ ಕೇಳಿದೆ: ಹೆಸರು, ವಯಸ್ಸು, ವಿಳಾಸ, ಹತ್ತಿರದ ಗುರುತು. ಅವರು ಉತ್ತರ ಕೊಡದೆ, "ಅವಳು ಕಣ್ಣು ಬಿಡ್ತಿಲ್ಲ, ಅವಳು ಕಣ್ಣು ಬಿಡ್ತಿಲ್ಲ" ಎನ್ನುತ್ತಲೇ ಇದ್ದರು. ನಾನು ಮತ್ತೆ ಹೆಸರು ಕೇಳಿದೆ. ಅತ್ತಿಗೆ ನನ್ನ ಲೈನಿಗೆ ಬಂದು, "ಯಜಮಾನ್ರೇ, ಅವರನ್ನ ನೀವು ಏನಂತ ಕರೀತೀರಿ?" ಎಂದು ಕೇಳಿದರು. ಅವರು ಹೇಳಿದರು. "ಹಾಗೇ ಕರೀರಿ, ಗಟ್ಟಿಯಾಗಿ. ಹ್ಞಾಂ. ಈಗ ಬಾಗಿಲು ತೆಗೆದಿಟ್ಟು ಬನ್ನಿ. ಮನೆ ಯಾವ ರಸ್ತೆ?"

ವಿಳಾಸ ತಾನಾಗಿ ಬಂತು. ಗಾಡಿ ಹೊರಟಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಮೊದಲ ದಿನ ನಾನು ಅತ್ತಿದ್ದೆ. ನೀವು ಪರವಾಗಿಲ್ಲ" ಎಂದರು ಅತ್ತಿಗೆ.

ಏಪ್ರಿಲ್ 17, ಗುರುವಾರ

ಬೇಗ ಬರೆದು ಮಲಗಬೇಕು, ಬೆಳಗಿನ ಪಾಳಿ. ಹೆಂಡತಿ ದಾರಿಯಲ್ಲಿ ಬಿಡುತ್ತಾಳೆ, ಅವಳ ಅಂಗಡಿಗೆ ಹೊಸ ಕಣ್ಣು ಪರೀಕ್ಷೆಯ ಯಂತ್ರ ಬರುವುದಿದೆಯಂತೆ, ಕಾತರದಲ್ಲಿದ್ದಾಳೆ.

ಇಂದು ಒಬ್ಬ ತಾಯಿ. ಮಗುವಿಗೆ ಜ್ವರ ಏರಿ ಮೈ ಸೆಟೆದುಕೊಂಡಿತ್ತು. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ ಎಂದೆ. ಅಷ್ಟು ಹೇಳಲು ಕಲಿತಿದ್ದೇನೆ. ಗಾಡಿ ತಲುಪುವವರೆಗೆ ಏನೇನೋ ಮಾತಾಡಿದೆ, ಮಗುವಿನ ಹೆಸರು ಹೇಳಿಸಿದೆ, ಅದು ಯಾವ ಆಟಿಕೆ ಹಿಡಿದು ಮಲಗುತ್ತದೆಂದು ಕೇಳಿದೆ. ಬಾಗಿಲು ಬಡಿದ ಸದ್ದು ಕೇಳಿಸಿತು, ಗಂಡಸರ ದನಿ ಕೇಳಿಸಿತು, ಲೈನು ಕಡಿದುಹೋಯಿತು.

ಕಾದೆ. ನನ್ನ ಪರದೆಯಲ್ಲಿ 'ಮುಗಿದಿದೆ' ಎಂದಷ್ಟೇ ಬಂತು.

"ಆಮೇಲೆ ಮಗು ಏನಾಯ್ತು ಅಂತ ಎಲ್ಲಿ ನೋಡೋದು?" ಎಂದು ಅತ್ತಿಗೆಯನ್ನು ಕೇಳಿದೆ.

"ಎಲ್ಲೂ ಕಾಣಲ್ಲ."

"ಯಾರೂ ಹೇಳಲ್ವಾ?"

"ಯಾರು ಹೇಳ್ತಾರೆ? ಅವರಿಗೆ ನಮ್ಮ ನೆನಪು ಯಾಕಿರುತ್ತೆ?"

"ಮತ್ತೆ ನೀವು ಇಷ್ಟು ವರ್ಷ..."

ಅವರು ಹೆಡ್‌ಫೋನು ಸರಿಮಾಡಿಕೊಂಡರು. "ಇನ್ನೊಂದು ಫೋನು ಬರುತ್ತೆ. ಅದನ್ನ ತಗೋಬೇಕು."

ಬಂತು. ತಗೊಂಡೆ.